ಲಾರಿಗಳು ಬೈಪಾಸಿಗೆ ಹೋದ ಮೇಲೆ ಬಿ.ಎಚ್. ರಸ್ತೆ ಯಾರದು?

ತಿಪಟೂರು ನಗರಸಭೆ, ಚಿಕ್ಕನಾಯಕನಹಳ್ಳಿ ಪುರಸಭೆ ಮತ್ತು ತುರುವೇಕೆರೆ ಪಟ್ಟಣ ಪಂಚಾಯಿತಿಯ ಎಲ್ಲ ಸದಸ್ಯರಿಗೆ,



ತುಮಕೂರು–ಶಿವಮೊಗ್ಗ ಹೆದ್ದಾರಿಯನ್ನು ಚತುಷ್ಪಥ ಮಾಡುವ ಯೋಜನೆಯಲ್ಲಿ ತಿಪಟೂರಿಗೆ ಬೈಪಾಸ್ ಇರುವುದು ತಮಗೆಲ್ಲ ಗೊತ್ತಿರುವ ವಿಚಾರ. ಬೆಂಗಳೂರು–ಹೊನ್ನಾವರ ರಸ್ತೆ ಎಂಬ ಹೆಸರು ಹೊತ್ತು ಊರಿನ ನಟ್ಟನಡುವೆ ಹಾದುಹೋಗುವ ಬಿ.ಎಚ್. ರಸ್ತೆ ದಶಕಗಳ ಕಾಲ ಎರಡು ಕೆಲಸ ಮಾಡಿದೆ. ಮಲೆನಾಡಿಗೂ ಕರಾವಳಿಗೂ ಹೋಗುವ ಲಾರಿ, ಟ್ಯಾಂಕರ್, ರಾತ್ರಿ ಬಸ್ಸುಗಳಿಗೆ ಅದು ಹೆದ್ದಾರಿ. ಊರಿನವರಿಗೆ ಅದೇ ಪೇಟೆ ಬೀದಿ. ದೂರದ ಗಾಡಿಗಳು ಊರ ಹೊರಗೆ ತಿರುಗಿಕೊಂಡ ಮೇಲೆ ಎರಡನೆಯ ಕೆಲಸವೊಂದೇ ಉಳಿಯುತ್ತದೆ, ರಸ್ತೆಯಲ್ಲಿ ಒಂದಿಷ್ಟು ಜಾಗವೂ ಉಳಿಯುತ್ತದೆ. ಆ ಜಾಗ ಯಾರಿಗೆ ಎಂದು ಸಭೆಯಲ್ಲಿ ಕೂತು ತೀರ್ಮಾನ ಮಾಡದೆ ಬಿಟ್ಟರೆ ಆರು ತಿಂಗಳೊಳಗೆ ಅಲ್ಲಿ ಕಾರು ಮತ್ತು ಗೂಡ್ಸ್ ಆಟೊಗಳು ನಿಂತಿರುತ್ತವೆ. ನಿಂತ ಮೇಲೆ ಎಬ್ಬಿಸುವುದು ಎಷ್ಟು ಕಷ್ಟವೆಂದು ತಮಗಿಂತ ಚೆನ್ನಾಗಿ ಬಲ್ಲವರಿಲ್ಲ.

ಅದಕ್ಕೆ ಮೊದಲೇ ಈ ಪತ್ರ. ಕೋರಿಕೆ ಇಷ್ಟು: ಬಿ.ಎಚ್. ರಸ್ತೆಯ ಎರಡೂ ಬದಿಯಲ್ಲಿ, ಕಲ್ಲಿನ ಅಂಚು ಕಟ್ಟಿ ಬೇರ್ಪಡಿಸಿದ ಎರಡು ಮೀಟರ್ ಅಗಲದ ಸೈಕಲ್ ದಾರಿ ಬೇಕು. ಚಿಕ್ಕನಾಯಕನಹಳ್ಳಿ ಮತ್ತು ತುರುವೇಕೆರೆಯಲ್ಲಿ ಶಾಲೆ, ಕಾಲೇಜು, ಬಸ್ ನಿಲ್ದಾಣಗಳನ್ನು ಕೂಡಿಸುವ ಬೀದಿಗಳಲ್ಲಿ ಅಂಥದೇ ದಾರಿ ಬೇಕು.

‘ಈಗ ಸೈಕಲ್ ಹೊಡೆಯುವವರು ಯಾರಿದ್ದಾರೆ? ಮನೆಮನೆಯಲ್ಲೂ ಎಕ್ಸ್‌ಎಲ್, ಸ್ಕೂಟಿ ಬಂದಿದೆಯಲ್ಲ’ ಎಂಬ ಮಾತು ಸಭೆಯಲ್ಲಿ ಮೊದಲು ಏಳುತ್ತದೆ. ಉತ್ತರ ಬೇಕಾದವರು ಬೆಳಿಗ್ಗೆ ಆರರಿಂದ ಒಂಬತ್ತೂವರೆಯವರೆಗೆ ಊರಿನ ಯಾವುದಾದರೂ ಪ್ರವೇಶದಲ್ಲಿ ನಿಂತು ನೋಡಬೇಕು. ಕ್ಯಾರಿಯರಿನ ಎರಡೂ ಪಕ್ಕ ಎಳನೀರು ಗೊನೆ ಇಳಿಬಿಟ್ಟು, ಹ್ಯಾಂಡಲ್ಲಿಗೂ ಒಂದೆರಡು ಸಿಕ್ಕಿಸಿ, ಸೀಟಿನ ಮೇಲೆ ಕೂರಲು ಜಾಗವಿಲ್ಲದೆ ತಳ್ಳಿಕೊಂಡೇ ಬರುವವರು ಮೊದಲು ಕಾಣುತ್ತಾರೆ. ಹಿಂದೆಯೇ ಡೇರಿಗೆ ಹಾಲಿನ ಕ್ಯಾನು ಒಯ್ಯುವವರು. ಆಮೇಲೆ ಕೊಬ್ಬರಿ ಗೋದಾಮಿಗೆ, ನಾರಿನ ಫ್ಯಾಕ್ಟರಿಗೆ, ಕಟ್ಟಡದ ಕೆಲಸಕ್ಕೆ ಹೊರಟ ಕೂಲಿಯವರು, ಅವರಲ್ಲಿ ವಯಸ್ಸಾದವರೇ ಹೆಚ್ಚು. ಒಂಬತ್ತರ ಹೊತ್ತಿಗೆ ಯೂನಿಫಾರಂ ತೊಟ್ಟ ಹುಡುಗ ಹುಡುಗಿಯರು. ಇವರಲ್ಲಿ ಯಾರೂ ನಗರಸಭೆಗೆ ಅರ್ಜಿ ಬರೆಯುವವರಲ್ಲ. ಸೈಕಲ್ ಹೊಡೆಯುವವರು ಇಲ್ಲ ಎಂಬ ಭಾವನೆ ಹುಟ್ಟಿಕೊಂಡದ್ದು ಅದರಿಂದಲೇ ಇರಬೇಕು.

ಒಂದು ಕಾಲದಲ್ಲಿ ಸ್ಥಳೀಯ ಸಂಸ್ಥೆಗಳ ಕಣ್ಣಿಗೆ ಸೈಕಲ್ ಚೆನ್ನಾಗಿಯೇ ಕಾಣುತ್ತಿತ್ತು. 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಮೋಟಾರಿಲ್ಲದ ವಾಹನಗಳಿಗೆ ತೆರಿಗೆ ಹಾಕುವ ಅಧಿಕಾರ ಕೊಟ್ಟಿತ್ತು. ವರ್ಷಕ್ಕೊಮ್ಮೆ ದುಡ್ಡು ಕಟ್ಟಿ ತಗಡಿನ ಬಿಲ್ಲೆ ಪಡೆದು ಸೈಕಲ್ಲಿಗೆ ಕಟ್ಟಿಕೊಂಡವರು, ರಾತ್ರಿ ದೀಪವಿಲ್ಲವೆಂದು, ಡಬಲ್ಸ್ ಹೊಡೆದರೆಂದು ದಂಡ ತೆತ್ತವರು ಈ ಊರುಗಳಲ್ಲಿ ಇನ್ನೂ ಇದ್ದಾರೆ. ಹಾಗೆ ತೆರಿಗೆ ಕಟ್ಟಿದವರಿಗೆ ಒಂದು ಅಡಿ ಪ್ರತ್ಯೇಕ ದಾರಿ ಅಂದೂ ಸಿಗಲಿಲ್ಲ, ಇಂದೂ ಇಲ್ಲ.

ಇನ್ನು ಮಕ್ಕಳ ಮಾತು. ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ರಾಜ್ಯ ಸರ್ಕಾರ ಆರಂಭಿಸಿದ್ದು 2006–07ರಲ್ಲಿ. ಪ್ರಾಥಮಿಕ ಶಾಲೆ ಊರಲ್ಲೇ ಇರುತ್ತದೆ, ಪ್ರೌಢಶಾಲೆ ನಾಲ್ಕಾರು ಕಿಲೋಮೀಟರ್ ಆಚೆ ಇರುತ್ತದೆ. ಆ ನಾಲ್ಕಾರು ಕಿಲೋಮೀಟರಿನಲ್ಲೇ ಎಷ್ಟೋ ಹೆಣ್ಣುಮಕ್ಕಳ ಓದು ನಿಲ್ಲುತ್ತಿತ್ತು. ಅದೇ 2006ರಲ್ಲಿ ಬಿಹಾರ ಸರ್ಕಾರವೂ ಒಂಬತ್ತನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ತೊಡಗಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀಥ್ ಪ್ರಕಾಶ್ ಅದನ್ನು ಅಧ್ಯಯನ ಮಾಡಿ, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತೆಂದೂ, ಹುಡುಗ–ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ತಗ್ಗಿತೆಂದೂ ತೋರಿಸಿದರು. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಹಳ್ಳಿ ಹೆಂಗಸರು ಸೈಕಲ್ ಕಲಿತರು. ನೀರು ತರುವುದು, ಸಂತೆಗೆ ಹೋಗುವುದು, ಮಗುವನ್ನು ಶಾಲೆಗೆ ಬಿಡುವುದು ಯಾವುದಕ್ಕೂ ಅವರು ಗಂಡಸರ ದಾರಿ ಕಾಯಬೇಕಾಗಲಿಲ್ಲ.

ನಮ್ಮ ರಾಜ್ಯದ ಯೋಜನೆ 2020ರ ಕೋವಿಡ್ ವರ್ಷದಲ್ಲಿ ನಿಂತಿತು, ಆಮೇಲೆ ಹಲವು ವರ್ಷ ಬರಲೇ ಇಲ್ಲ. 2021ರಿಂದ 2023ರವರೆಗೆ ಶಾಲಾ ಶಿಕ್ಷಣ ಖಾತೆ ತಿಪಟೂರಿನ ಶಾಸಕರ ಕೈಯಲ್ಲೇ ಇತ್ತು. ಆಗಲೂ ಬರಲಿಲ್ಲ. ಯೋಜನೆಯನ್ನು ಮರಳಿ ತರುವುದು ತಮ್ಮ ಕೈಯಲ್ಲಿಲ್ಲ, ನಿಜ. ಆದರೆ ಸೈಕಲ್ ಕೊಟ್ಟ ಸರ್ಕಾರವೂ ಆ ಸೈಕಲ್ ಓಡುವ ದಾರಿಯ ಬಗ್ಗೆ ಯೋಚಿಸಲಿಲ್ಲ. ಆ ಅರ್ಧ ಕೆಲಸ ಊರೊಳಗಿನ ಮಟ್ಟಿಗಾದರೂ ತಮ್ಮ ಕೈಯಲ್ಲಿದೆ.

ಅಪಾಯ ಎಲ್ಲಿದೆ ಎಂದು ತಿಳಿಯಲು ರಸ್ತೆಯ ಅಂಚನ್ನು ಬಗ್ಗಿ ನೋಡಬೇಕು. ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ರಸ್ತೆ ಎತ್ತರವಾಗಿದೆ, ಪಕ್ಕದ ಮಣ್ಣು ಮಳೆಗೆ ಕೊಚ್ಚಿ ತಗ್ಗಾಗಿದೆ. ನಡುವೆ ನಾಲ್ಕು ಬೆರಳಿನ ಇಳಿತ, ಕೆಲವು ಕಡೆ ಒಂದು ಗೇಣು. ಬೆನ್ನಿಗೆ ಪುಸ್ತಕದ ಚೀಲ ಹೊತ್ತ ಹುಡುಗಿಯ ಹಿಂದೆ ಲಾರಿ ಹಾರ್ನ್ ಹೊಡೆಯುತ್ತದೆ. ಅವಳು ಎಡಕ್ಕೆ ಸರಿಯುತ್ತಾಳೆ, ಮುಂದಿನ ಗಾಲಿ ಮಣ್ಣಿಗೆ ಇಳಿಯುತ್ತದೆ. ಇಳಿದದ್ದು ಅಪಾಯವಲ್ಲ. ಲಾರಿ ಹೋಯಿತೆಂದು ಮತ್ತೆ ಡಾಂಬರಿಗೆ ಹತ್ತಲು ಹ್ಯಾಂಡಲನ್ನು ಬಲಕ್ಕೆ ತಿರುಗಿಸಿದಾಗ ಗಾಲಿ ಆ ಅಂಚನ್ನು ನೇರವಾಗಿ ಏರದೆ ಉಜ್ಜಿಕೊಂಡು ಜಾರುತ್ತದೆ. ಸೈಕಲ್ ಬೀಳುವುದು ಬಲಗಡೆಗೆ, ಅಂದರೆ ರಸ್ತೆಯ ಮೇಲಕ್ಕೆ, ಲಾರಿಯ ಹಿಂದೆ ಬರುತ್ತಿರುವ ಗಾಡಿಯ ಎದುರಿಗೆ. ಪೊಲೀಸ್ ದಾಖಲೆಯಲ್ಲಿ ‘ಆಯತಪ್ಪಿ ಬಿದ್ದು’ ಎಂದು ಬರೆಯುವ ಅಪಘಾತಗಳಲ್ಲಿ ಈ ಅಂಚಿನ ಪಾಲು ಎಷ್ಟೆಂದು ಯಾರೂ ಅಳೆಯುವುದಿಲ್ಲ.

ನಮ್ಮ ಸೀಮೆಗೇ ವಿಶೇಷವಾದ ಇನ್ನೊಂದು ಅಪಾಯ ಮಟ್ಟೆ ಮತ್ತು ನಾರು ತುಂಬಿದ ಟ್ರ್ಯಾಕ್ಟರ್. ಸರಕು ಹಗುರ, ಗಾತ್ರ ದೊಡ್ಡದು. ಹಾಗಾಗಿ ಟ್ರೇಲರಿನ ಎರಡೂ ಬದಿಗೆ ಅದು ಉಬ್ಬಿ ಚಾಚಿಕೊಂಡಿರುತ್ತದೆ. ಚಾಲಕನಿಗೆ ಹಿಂದೆ ಏನಿದೆ ಕಾಣುವುದಿಲ್ಲ, ಸೈಕಲ್ ಸವಾರನ ಹೆಗಲಿಗೆ ತಾಗುವುದು ಆ ಉಬ್ಬೇ. ಕೊಬ್ಬರಿ ಹರಾಜು ವಾರಕ್ಕೆರಡು ದಿನ. ಆ ದಿನಗಳಲ್ಲಿ ಎಪಿಎಂಸಿ ಕಡೆಗೆ ಚೀಲ ಹೊತ್ತ ಗಾಡಿಗಳ ಸಾಲು ಬೆಳೆದಾಗ ಎಡ ಅಂಚಿನಲ್ಲಿ ಉಳಿಯುವ ಒಂದೂವರೆ ಅಡಿಯಲ್ಲೇ ನಡೆಯುವವರೂ ಸೈಕಲ್ಲಿನವರೂ ದಾರಿ ಮಾಡಿಕೊಳ್ಳಬೇಕು. ಚರಂಡಿಯ ಮೇಲಿನ ಕಬ್ಬಿಣದ ಜಾಲರಿಯ ಸರಳುಗಳು ರಸ್ತೆಯುದ್ದಕ್ಕೆ ಇದ್ದರೆ ಸೈಕಲ್ಲಿನ ತೆಳು ಗಾಲಿ ಅದರೊಳಗೆ ಇಳಿದು ಸಿಕ್ಕಿಕೊಳ್ಳುತ್ತದೆ. ಅದೇ ಜಾಲರಿಯನ್ನು ಅಡ್ಡ ತಿರುಗಿಸಿ ಕೂರಿಸಿದರೆ ಗಾಲಿ ಮೇಲೆಯೇ ದಾಟಿಹೋಗುತ್ತದೆ. ಅರ್ಧ ದಿನದ ಕೆಲಸ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎನ್ನುತ್ತದೆ ಕೇಂದ್ರ ಸಾರಿಗೆ ಸಚಿವಾಲಯದ ವರದಿ. ಅವರಲ್ಲಿ ಸುಮಾರು 4,800 ಮಂದಿ ಸೈಕಲ್ ಸವಾರರು. ಸೈಕಲ್ ಡಿಕ್ಕಿ ಹೊಡೆದು ಇನ್ನೊಬ್ಬರನ್ನು ಕೊಲ್ಲುವುದು ಇಲ್ಲವೆನ್ನುವಷ್ಟು ಅಪರೂಪ, ಸಾಯುವುದು ಮಾತ್ರ ಅವರೇ.

ಸೈಕಲ್ ಕಷ್ಟವಾದಾಗ ಮಕ್ಕಳು ಏನು ಮಾಡುತ್ತಾರೆ? 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಗಿದೆ, ಅದು ದೊಡ್ಡ ಉಪಕಾರ. ಆದರೆ ಬಸ್ಸು ಬರುವ ಹೊತ್ತಿಗೆ ಮಾತ್ರ ಅದು ಉಪಕಾರ, ಬಸ್ಸೇ ಇಲ್ಲದ ತೋಟದ ಮನೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಪಿಯುಸಿ ಹುಡುಗರಿಗೆ ಅಪ್ಪಂದಿರು ಬೈಕಿನ ಕೀಲಿ ಕೊಡುತ್ತಾರೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪ್ರಕಾರ ಅಪ್ರಾಪ್ತರ ಕೈಗೆ ಗಾಡಿ ಕೊಟ್ಟ ಪೋಷಕರಿಗೆ 25 ಸಾವಿರ ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆವಾಸ. ಕಾನೂನು ಬೈಕ್ ಬೇಡ ಎನ್ನುತ್ತದೆ, ರಸ್ತೆ ಸೈಕಲ್ ಬೇಡ ಎನ್ನುತ್ತದೆ. ಹದಿನಾರು ವರ್ಷದ ಮಗ ಕಾಲೇಜಿಗೆ ಹೋಗುವುದು ಹೇಗೆಂದು ಅಪ್ಪ ಕೇಳಿದರೆ ಉತ್ತರ ಕೊಡಬೇಕಾದ ಜಾಗದಲ್ಲಿ ತಾವಿದ್ದೀರಿ.

ಸೈಕಲ್ ದಾರಿ ದೊಡ್ಡ ನಗರಗಳ ಶೋಕಿ ಎಂದು ತಳ್ಳಿಹಾಕುವ ಹಾಗಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ ಸೈಕಲ್ ದಾರಿಗಳಿಗೆಂದೇ 11ನೇ ಸಂಖ್ಯೆಯ ಸಂಹಿತೆಯನ್ನು ಹೊರಡಿಸಿದ್ದು 1962ರಲ್ಲಿ, ಅದನ್ನು ಪರಿಷ್ಕರಿಸಿದ್ದು 2015ರಲ್ಲಿ. ಮೊದಲ ಆವೃತ್ತಿಯಲ್ಲೇ ಲೆಕ್ಕ ಸ್ಪಷ್ಟವಾಗಿತ್ತು. ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ 400 ಸೈಕಲ್ ಓಡಾಡುವ, 100ರಿಂದ 200 ಮೋಟಾರು ವಾಹನ ಇರುವ ರಸ್ತೆಗೆ ಪ್ರತ್ಯೇಕ ಸೈಕಲ್ ದಾರಿ ಬೇಕು. ಮೋಟಾರು ವಾಹನ ಗಂಟೆಗೆ 200 ದಾಟಿದರೆ 100 ಸೈಕಲ್ ಇದ್ದರೂ ಸಾಕು. ಕನಿಷ್ಠ ಅಗಲ ಎರಡು ಮೀಟರ್. ಶಾಲೆ ಬಿಡುವ ಹೊತ್ತಿಗೆ ಬಿ.ಎಚ್. ರಸ್ತೆಯಲ್ಲಿ ಮೋಟಾರು ವಾಹನಗಳ ಆ ಮಿತಿ ದಾಟಲು ಕೆಲವೇ ನಿಮಿಷ ಸಾಕು. ಸೈಕಲ್ ನೂರು ದಾಟುತ್ತವೆಯೋ ಇಲ್ಲವೋ ಎಣಿಸಿಯೇ ಹೇಳಬೇಕು, ಎಣಿಸುವುದು ಕಷ್ಟದ ಕೆಲಸವಲ್ಲ.

ಕರ್ನಾಟಕದಲ್ಲಿ ಇದು ಹೊಸದೂ ಅಲ್ಲ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಶುರುವಾಗಿ 450 ಬಾಡಿಗೆ ಸೈಕಲ್ಲುಗಳು ಬೀದಿಗಿಳಿದವು. ಬೆಂಗಳೂರಿನ ಕಥೆಯಿಂದ ಕಲಿಯುವುದು ಹೆಚ್ಚಿದೆ. ಜಯನಗರದಲ್ಲಿ ದಶಕದ ಹಿಂದೆ ಬಣ್ಣ ಬಳಿದು ಗುರುತಿಸಿದ ಸೈಕಲ್ ಪಥಗಳು ಕಾರು ನಿಲ್ಲಿಸುವ ಜಾಗಗಳಾದವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು ಮಾಡಿದ ದಾರಿಯನ್ನು ಬೈಕುಗಳು ಹೊಕ್ಕವು, ಗೂಟಗಳು ಮುರಿದವು, ಮೆಟ್ರೊ ಕಾಮಗಾರಿ ಉಳಿದದ್ದನ್ನು ತಿಂದಿತು. ಈ ಎರಡನ್ನೂ ತೋರಿಸಿ ‘ನೋಡಿ, ನಮ್ಮ ಜನಕ್ಕೆ ಇದು ಆಗುವುದಿಲ್ಲ’ ಎನ್ನುವವರಿದ್ದಾರೆ. ಆಗದೆ ಹೋದದ್ದು ಜನರಿಂದಲ್ಲ, ಬಣ್ಣದಿಂದ ಮತ್ತು ಮುರಿಯುವ ಗೂಟದಿಂದ. ಬಣ್ಣ ಕಾರನ್ನು ತಡೆಯುವುದಿಲ್ಲ, ಒಂದು ಗೇಣು ಎತ್ತರದ ಕಲ್ಲಿನ ಅಂಚು ತಡೆಯುತ್ತದೆ. ತೋಟದ ಬೇಲಿಗೂ ಕಲ್ಲುಕಂಬ ನೆಡುವ ಈ ಸೀಮೆಯಲ್ಲಿ ಅಂಚುಕಲ್ಲಿಗೂ ಅದನ್ನು ಕೆತ್ತುವ ಕೈಗೂ ಬರವಿಲ್ಲ.

ತಿಪಟೂರಿನ ಸದಸ್ಯರು ವಿಶೇಷವಾಗಿ ತಿಳಿಯಬೇಕಾದ ಊರೊಂದು ನೆದರ್ಲೆಂಡ್ಸಿನಲ್ಲಿದೆ, ಹೆಸರು ಹೌಟನ್. ಉಟ್ರೆಕ್ಟ್ ನಗರದ ಪಕ್ಕದ ಈ ಊರಿನ ಜನಸಂಖ್ಯೆ ಸುಮಾರು 50 ಸಾವಿರ. 2011ರ ಜನಗಣತಿಯಲ್ಲಿ ತಿಪಟೂರಿನದು 60 ಸಾವಿರದ ಹತ್ತಿರ. ಹೌಟನ್‌ನಲ್ಲೂ ಊರ ನಡುವೆ ರೈಲು ನಿಲ್ದಾಣ, ಊರ ಸುತ್ತ ವರ್ತುಲ ರಸ್ತೆ. ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಕಾರಿನಲ್ಲಿ ಹೋಗಬೇಕಾದರೆ ಊರ ಹೊರಗಿನ ವರ್ತುಲ ರಸ್ತೆಗೆ ಹೋಗಿ ಸುತ್ತಿಕೊಂಡು ಬರಬೇಕು, ಸೈಕಲ್ಲಿನಲ್ಲಾದರೆ ಊರೊಳಗಿಂದ ನೇರ ದಾರಿ. ಶಾಲೆಗಳನ್ನು ಕಟ್ಟಿರುವುದೇ ಆ ಸೈಕಲ್ ದಾರಿಯ ಮಗ್ಗುಲಲ್ಲಿ. ಹೌಟನ್ ಹೊಸದಾಗಿ ನಕ್ಷೆ ಹಾಕಿ ಬೆಳೆಸಿದ ಊರು, ತಿಪಟೂರು ಸಂತೆ ಪೇಟೆಗಳ ಸುತ್ತ ತಾನಾಗಿ ಬೆಳೆದದ್ದು. ಆದ್ದರಿಂದ ಅಲ್ಲಿಯದನ್ನು ಎತ್ತಿ ತಂದು ಇಲ್ಲಿಡಲು ಆಗದು. ಆದರೆ ದೂರದ ಗಾಡಿಗೆ ಹೊರಗಿನ ರಸ್ತೆ, ಒಳಗಿನ ರಸ್ತೆ ಊರವರಿಗೆ ಎಂಬ ಮೂಲ ವಿಚಾರ ಬೈಪಾಸಿನ ರೂಪದಲ್ಲಿ ತಿಪಟೂರಿನ ಬಾಗಿಲಿಗೇ ಬಂದಿದೆ.

ಡಚ್ಚರು ಹುಟ್ಟಿನಿಂದಲೇ ಸೈಕಲ್ ಜನ, ದುಡ್ಡಿರುವವರು, ಅವರ ಮಾತು ಬೇರೆ ಎನ್ನುವುದೂ ಸರಿಯಲ್ಲ. ಎರಡನೇ ಮಹಾಯುದ್ಧದ ನಂತರ ಅಲ್ಲೂ ಬೀದಿಗಳನ್ನು ಕಾರಿಗೆ ಬಿಟ್ಟುಕೊಟ್ಟರು. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ ಸುಮಾರು 3,300 ಮಂದಿ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ ಬರೆದ ಲೇಖನದಿಂದ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಚಳವಳಿ ಎದ್ದಿತು. ಅಪ್ಪ ಅಮ್ಮಂದಿರು ಬೀದಿಗಿಳಿದು ಕೂತರು. ಇಂದು ಜಗತ್ತು ಹೋಗಿ ನೋಡಿಬರುವ ಸೈಕಲ್ ದಾರಿಗಳು ಆ ಒತ್ತಾಯದಿಂದ ಬಂದವು.

ಚಿಕ್ಕನಾಯಕನಹಳ್ಳಿ, ತುರುವೇಕೆರೆಯ ಸಮಸ್ಯೆಯ ಬಣ್ಣ ಸ್ವಲ್ಪ ಬೇರೆ. ಹುಳಿಯಾರು ಕಡೆಯಿಂದ ಬಂದು ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಿ.ಎಚ್. ರಸ್ತೆಯನ್ನು ದಾಟಿ ಮೈಸೂರಿನತ್ತ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿ ಎರಡೂ ಊರನ್ನು ಮುಟ್ಟುತ್ತದೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವವರೆಗೆ ಚಿಕ್ಕನಾಯಕನಹಳ್ಳಿ ಜನ ಅದಿರು ಲಾರಿಗಳ ಜೊತೆ ಬದುಕಿದ್ದನ್ನು ಮರೆತಿಲ್ಲ. ರಸ್ತೆ ಒಳ್ಳೆಯದಾದಷ್ಟೂ ವೇಗ ಏರುತ್ತದೆ. ಇಲ್ಲಿ ಮೊದಲು ಆಗಬೇಕಾದದ್ದು ವೇಗ ತಗ್ಗಿಸುವ ಕೆಲಸ. 2020ರ ಫೆಬ್ರುವರಿಯ ಸ್ಟಾಕ್‌ಹೋಮ್ ಘೋಷಣೆ, ನಡೆಯುವವರು ಮತ್ತು ಸೈಕಲ್ಲಿನವರು ವಾಹನಗಳ ಜೊತೆ ಬೆರೆಯುವ ಕಡೆ ಗಂಟೆಗೆ 30 ಕಿಲೋಮೀಟರ್ ಮಿತಿ ಇರಲಿ ಎಂದಿದೆ. ಮೋಟಾರು ವಾಹನ ಕಾಯ್ದೆಯ 112ನೇ ಕಲಂ ಅಡಿ ವೇಗಮಿತಿ ಗೊತ್ತುಮಾಡುವ ಅಧಿಕಾರ ರಾಜ್ಯ ಸರ್ಕಾರಕ್ಕೂ ಅದು ನೇಮಿಸಿದ ಅಧಿಕಾರಿಗೂ ಇದೆ. ಪುರಸಭೆ, ಪಟ್ಟಣ ಪಂಚಾಯಿತಿಯ ನಿರ್ಣಯವೊಂದು ಜಿಲ್ಲಾಡಳಿತದ ಮೇಜಿಗೆ ಹೋದರೆ ಆ ಕೆಲಸಕ್ಕೆ ಚಾಲನೆ ಸಿಗುತ್ತದೆ.

ಕಾನೂನಿನ ಇನ್ನೊಂದು ಮುಖವನ್ನೂ ಹೇಳಬೇಕು. ಅದೇ ಕಾಯ್ದೆಯ 198ಎ ಕಲಂ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಬೀಳುತ್ತದೆ. 138ನೇ ಕಲಂಗೆ 2019ರಲ್ಲೇ ಸೇರಿದ ಉಪಕಲಂ, ರಸ್ತೆ ಸುರಕ್ಷತೆಯ ದೃಷ್ಟಿಯಿಂದ ಸೈಕಲ್ಲಿನಂಥ ಮೋಟಾರಿಲ್ಲದ ವಾಹನಗಳ ಮತ್ತು ಪಾದಚಾರಿಗಳ ಓಡಾಟಕ್ಕೆ ನಿಯಮ ಮಾಡುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ. ಸೈಕಲ್ ಸವಾರನ ಮಾತು ಈಗ ಕಾನೂನಿನ ಪುಸ್ತಕದಲ್ಲಿದೆ.

ದಾರಿ ಮಾಡುವಾಗ ಕೂಡುರಸ್ತೆಗಳಿಗೆ ಹೆಚ್ಚಿನ ಗಮನ ಬೇಕು. ನೇರ ರಸ್ತೆಯಲ್ಲಿ ಚೆನ್ನಾಗಿ ಕಟ್ಟಿದ ಸೈಕಲ್ ದಾರಿ ವೃತ್ತ ಬಂದ ಕೂಡಲೇ ಮಾಯವಾಗುವುದು ಎಲ್ಲ ಊರುಗಳ ರೋಗ, ತಿರುಗುವ ಗಾಡಿಗಳ ಅಪಾಯ ಇರುವುದೂ ಅಲ್ಲೇ. ಅಡ್ಡರಸ್ತೆ ಸೇರುವ ಕಡೆ ಸೈಕಲ್ ದಾರಿಯನ್ನು ರಸ್ತೆಯ ಮಟ್ಟಕ್ಕೆ ಇಳಿಸದೆ ಸ್ವಲ್ಪ ಎತ್ತರದಲ್ಲೇ ಮುಂದುವರಿಸಿದರೆ ತಿರುಗುವ ಗಾಡಿ ತಾನಾಗಿ ನಿಧಾನವಾಗುತ್ತದೆ, ಬೇರೆ ಹಂಪ್ ಬೇಕಾಗುವುದಿಲ್ಲ. ದಾರಿಯ ಬಾಯಲ್ಲಿ ನೆಡುವ ಕಂಬಗಳ ನಡುವೆ ಅಂಗವಿಕಲರ ಮೂರು ಗಾಲಿ ಸೈಕಲ್ ಸಲೀಸಾಗಿ ಹೋಗುವಷ್ಟು ಜಾಗ ಬಿಡಬೇಕು, ಕಾರು ತೂರುವಷ್ಟು ಬಿಡಬಾರದು. ಹಾಗೆ ಮಾಡಿದ ದಾರಿ ಎಳನೀರು ಗೊನೆ ಹೊತ್ತ ಸೈಕಲ್ಲಿಗೂ ಹೊಂದುತ್ತದೆ. ಏಪ್ರಿಲ್ ಬಿಸಿಲಲ್ಲಿ ಮರವಿಲ್ಲದ ದಾರಿಯಲ್ಲಿ ಯಾರೂ ಸೈಕಲ್ ತುಳಿಯುವುದಿಲ್ಲ. ತೆಂಗು ನೆರಳು ಕೊಡುವುದು ಕಡಿಮೆ, ಹೊಂಗೆ ಬೇವುಗಳೇ ಆಗಬೇಕು.

ಅಂಗಡಿ ಮಾಲೀಕರು ವಿರೋಧಿಸುತ್ತಾರೆ, ಅವರ ಆತಂಕ ಸುಳ್ಳೆಂದು ಹೇಳುವಂತಿಲ್ಲ. ಕೊಬ್ಬರಿ ಚೀಲ ಇಳಿಸುವ ಗಾಡಿ ಅಂಗಡಿ ಮುಂದೆ ನಿಲ್ಲಲೇಬೇಕು. ಅದಕ್ಕೆ ಬೆಳಿಗ್ಗೆ ಎಂಟರೊಳಗೆ, ಮಧ್ಯಾಹ್ನ ಇಂತಿಷ್ಟು ಹೊತ್ತು ಎಂದು ವರ್ತಕರ ಜೊತೆ ಕೂತು ಗೊತ್ತು ಮಾಡಬಹುದು. ದಿನವಿಡೀ ಅಲ್ಲಾಡದೆ ನಿಂತಿರುವ ಕಾರಿನ ಮಾತು ಬೇರೆ. ಆ ಒಂದು ಕಾರಿನ ಜಾಗದಲ್ಲಿ ಎಂಟು ಹತ್ತು ಸೈಕಲ್ ನಿಲ್ಲುತ್ತವೆ, ಎಂಟು ಹತ್ತು ಗಿರಾಕಿಗಳು ಇಳಿಯುತ್ತಾರೆ.

ಹಣದ ಮಾತೂ ಬರುತ್ತದೆ. ನಗರೋತ್ಥಾನದಲ್ಲಿ, ಹಣಕಾಸು ಆಯೋಗದ ಅನುದಾನದಲ್ಲಿ ರಸ್ತೆ ಮತ್ತು ಚರಂಡಿ ಕಾಮಗಾರಿಗಳು ಪ್ರತಿ ವರ್ಷ ನಡೆದೇ ಇವೆ. ಚರಂಡಿಯ ಮೇಲೆ ಚಪ್ಪಡಿ ಹಾಸುವಾಗ, ಅಂಚು ಕಟ್ಟುವಾಗ ಅಂದಾಜುಪಟ್ಟಿಯಲ್ಲಿ ಸೈಕಲ್ ದಾರಿಯನ್ನೂ ಸೇರಿಸಿದರೆ ಬೇರೆ ಟೆಂಡರಿನ ಅಗತ್ಯವೇ ಬೀಳುವುದಿಲ್ಲ. ರಸ್ತೆ ಮುಗಿದ ಮೇಲೆ ಒಡೆದು ಸೇರಿಸುವುದೇ ದುಬಾರಿ.

ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಈ ವಿಷಯವನ್ನು ಸೇರಿಸಿ. ಅದಕ್ಕೆ ಮೊದಲು ಒಂದು ವಾರ, ಶಾಲೆ ಸೇರುವ ಹೊತ್ತು ಮತ್ತು ಬಿಡುವ ಹೊತ್ತು, ಪ್ರತಿ ಊರಿನ ಎರಡು ಮೂರು ಕೂಡುರಸ್ತೆಗಳಲ್ಲಿ ಸೈಕಲ್ಲುಗಳನ್ನು ಎಣಿಸಿ. ಪಾಲಿಟೆಕ್ನಿಕ್, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸಂತೋಷದಿಂದ ಮಾಡಿಕೊಡುತ್ತಾರೆ. ಎಣಿಕೆಯನ್ನು ಸಭೆಯಲ್ಲಿ ಓದಿಸಿ, ನಡಾವಳಿಯಲ್ಲಿ ದಾಖಲಿಸಿ, ಬಿ.ಎಚ್. ರಸ್ತೆಯ ಒಂದು ಕಿಲೋಮೀಟರಿನಿಂದ ಕೆಲಸ ಶುರುಮಾಡಿ. ಚರಂಡಿ ಜಾಲರಿಗಳನ್ನು ಅಡ್ಡ ತಿರುಗಿಸುವ ಕೆಲಸಕ್ಕೆ ಸಭೆಯ ಒಪ್ಪಿಗೆಯೂ ಬೇಕಿಲ್ಲ, ಅದನ್ನು ಈ ವಾರವೇ ಮಾಡಿಸಿ.

ಇತಿ,
ಮೂರೂ ತಾಲ್ಲೂಕಿನ ಸೈಕಲ್ ಸವಾರರ ಪರವಾಗಿ